ಆಡಿ ಗಾಳಿ, ಅಸ್ತಿಭಾರ

ತಿರುನೆಲ್ವೇಲಿಯಿಂದ ನಾಗರಕೋಯಿಲಿಗೆ ಹೋಗುವ ರೈಲು ಆರಲ್ವಾಯ್‌ಮೊಳಿಯ ಕಣಿವೆಯನ್ನು ಹೊಕ್ಕೊಡನೆ ಪ್ರಯಾಣಿಕರು ಕಿಟಕಿಯ ಕಡೆಗೆ ತಿರುಗಿ ತಲೆಯೆತ್ತುತ್ತಾರೆ. ಬಾಳೆಯ ತೋಟಗಳ ನಡುವೆ, ಕುರುಚಲು ಬಯಲಿನ ಮೇಲೆ, ಪಶ್ಚಿಮಘಟ್ಟದ ಕೊನೆಯ ಬೆಟ್ಟಗಳ ಎದುರಿಗೆ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿವೆ. ಮಕ್ಕಳು ಎಣಿಸಲು ತೊಡಗಿ ನೂರರೊಳಗೇ ಸೋಲುತ್ತಾರೆ. ನಾವಿಬ್ಬರು ಮಾತ್ರ ಆ ಹೊತ್ತಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತೇವೆ. ನಮ್ಮ ಕಣ್ಣು ಹೋಗುವುದು ಕಂಬಗಳ ಬುಡಕ್ಕೆ. ಇದು ಉದ್ಯೋಗದಿಂದ ಬಂದ ಚಾಳಿ. ಯಾರ ಮನೆಗೆ ಊಟಕ್ಕೆ ಹೋದರೂ ನಾವು ಮೊದಲು ನೋಡುವುದು ತೊಲೆ ಕಂಬಗಳು ಕೂಡುವ ಮೂಲೆಯ ಬಿರುಕನ್ನು. ಆಮೇಲೆ ಗೃಹಸ್ಥರ ಮುಖವನ್ನು.

ನಾವಿಬ್ಬರೂ ಕಟ್ಟಡಗಳ ಬಲಾಬಲ ಅಳೆಯುವ ಎಂಜಿನಿಯರುಗಳು. ಒಬ್ಬರ ಊರು ಚಿತ್ರದುರ್ಗದ ಬಳಿ, ಇನ್ನೊಬ್ಬರದು ತೀರ್ಥಹಳ್ಳಿಯ ಕಡೆ. ಚೆನ್ನೈಗೆ ಬಂದು ಒಂದೇ ಮೇಜಿನ ಎರಡು ಬದಿಗೆ ಕುಳಿತು ಇಪ್ಪತ್ತು ವರ್ಷ ದಾಟಿದೆ. ಹಳೆಯ ನೀರಿನ ಟ್ಯಾಂಕು, ಸೋರುವ ಗೋದಾಮು, ಸಮುದ್ರದ ಉಪ್ಪುಗಾಳಿ ತಿಂದ ಬಾಲ್ಕನಿ ಇವುಗಳನ್ನು ನೋಡುತ್ತಿದ್ದವರು ಕೆಲವು ವರ್ಷಗಳಿಂದ ಗಾಳಿಯಂತ್ರಗಳ ಅಸ್ತಿಭಾರಕ್ಕೆ ಇಳಿದಿದ್ದೇವೆ. ‘ಇಳಿದಿದ್ದೇವೆ’ ಎಂಬುದು ಇಲ್ಲಿ ಅಲಂಕಾರವಲ್ಲ; ಅಕ್ಷರಶಃ ಗುಂಡಿಗೆ ಇಳಿಯುವ ಕೆಲಸವೇ. ಅಡಿಪಾಯ, ತಳಪಾಯ, ಬುನಾದಿ, ಅಸ್ತಿಭಾರ ಎಂದು ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಹೆಸರುಗಳಿವೆ. ಕೊನೆಯದು ತಮಿಳಿನಲ್ಲಿಯೂ ಅಸ್ತಿವಾರಂ ಎಂದು ಇರುವುದರಿಂದ ಮೇಸ್ತ್ರಿಗಳೊಡನೆ ಮಾತಾಡುವಾಗ ನಮಗೆ ಅದೇ ಒಗ್ಗಿಹೋಗಿದೆ.

ಭಾರತದಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಮೊದಲ ಕ್ಷೇತ್ರಗಳು 1986ರಲ್ಲಿ ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಗಿರಿ, ತಮಿಳುನಾಡಿನ ತೂತ್ತುಕುಡಿ ಈ ಮೂರು ಕರಾವಳಿಗಳಲ್ಲಿ ತಲೆಯೆತ್ತಿದವು. ಮುಪ್ಪಂದಲ್ ಬಯಲು ತುಂಬಿದ್ದು ಅನಂತರ, ತೊಂಬತ್ತರ ದಶಕದ ನಡುವಿನಲ್ಲಿ. ಆಗ ಗಾಳಿಯಂತ್ರಕ್ಕೆ ಹಾಕಿದ ಬಂಡವಾಳವಷ್ಟನ್ನೂ ಮೊದಲ ವರ್ಷವೇ ಸವಕಳಿಯಾಗಿ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳಬಹುದಿತ್ತು. ನೂಲಿನ ಗಿರಣಿಯವರು, ಸಿಮೆಂಟಿನವರು ಮುಗಿಬಿದ್ದು ಕೊಂಡರು. ಮಾರ್ಚ್ 31ರೊಳಗೆ ರೆಕ್ಕೆ ತಿರುಗಬೇಕು ಎಂಬ ಅವಸರದಲ್ಲಿ ರಾತ್ರಿಯೆಲ್ಲ ದೀಪ ಹಾಕಿಕೊಂಡು ಕಾಂಕ್ರೀಟು ಸುರಿದ ಕಥೆಗಳನ್ನು ಆ ಕಡೆಯ ಹಳೆಯ ಮೇಸ್ತ್ರಿಗಳಿಂದ ನಾವು ಕೇಳಿದ್ದೇವೆ. ಈ ಯಂತ್ರಗಳ ವಿನ್ಯಾಸದ ಆಯುಷ್ಯ ಸಾಮಾನ್ಯವಾಗಿ 20 ವರ್ಷ. ಆ ಲೆಕ್ಕದಲ್ಲಿ ಅವು ಎಂದೋ ನಿವೃತ್ತವಾಗಬೇಕಿತ್ತು. ಆದರೆ ಗಾಳಿ ನಿವೃತ್ತವಾಗಿಲ್ಲ, ಗಿರಣಿಯ ಕರೆಂಟು ಬಿಲ್ಲು ಕೂಡ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಹಳೆಯ ಯಂತ್ರಗಳನ್ನು ಕಿತ್ತು ಹೊಸವನ್ನು ನಿಲ್ಲಿಸುವುದಕ್ಕೂ, ತಕ್ಕ ಪರೀಕ್ಷೆಯ ಬಳಿಕ ಇದ್ದವನ್ನೇ ಮುಂದುವರಿಸುವುದಕ್ಕೂ ಒಂದು ನೀತಿಯನ್ನು ಪ್ರಕಟಿಸಿತು. ಆ ‘ತಕ್ಕ ಪರೀಕ್ಷೆ’ ಎಂಬ ಮಾತಿನ ಒಂದು ತುಣುಕು ನಮ್ಮ ಪಾಲಿಗೆ ಬಂದಿತು.

ರಾಜಪಾಳಯದ ಕಡೆಯ ಒಬ್ಬ ಗಿರಣಿ ಮಾಲೀಕರಿಗೆ ಆ ಬಯಲಿನಲ್ಲಿ ಆರು ಯಂತ್ರಗಳಿದ್ದವು. ತಲಾ 250 ಕಿಲೋವಾಟ್, 1996ರವು. ನಿಲ್ಲಿಸಿಕೊಟ್ಟ ಕಂಪನಿ ಮುಚ್ಚಿಹೋಗಿ, ಅದರೊಡನೆ ಅಸ್ತಿಭಾರದ ನಕ್ಷೆಗಳೂ ಕಾಣೆಯಾಗಿದ್ದವು. ಎಂಬತ್ತರ ಸಮೀಪದ ಆ ಹಿರಿಯರು ನಮ್ಮ ಮುಂದೆ ಒಂದು ಹಳೆಯ ಫೈಲನ್ನು ಇಟ್ಟು ಎರಡು ಗೇರ್‌ಬಾಕ್ಸು, ಒಂದು ಜೋಡಿ ರೆಕ್ಕೆ, ಮೂರು ಸಲ ಸುತ್ತಿಸಿದ ಜನರೇಟರು ಎಂದು ಖರ್ಚಿನ ಪಟ್ಟಿಯನ್ನು ಓದಿಹೇಳಿದರು. ಅಸ್ತಿಭಾರಕ್ಕೆಂದು ಒಂದು ರೂಪಾಯಿಯೂ ಆ ಪಟ್ಟಿಯಲ್ಲಿ ಇರಲಿಲ್ಲ. ಇದರಲ್ಲಿ ಅವರ ತಪ್ಪೇನಿಲ್ಲ. ಗಾಳಿಯಂತ್ರದಲ್ಲಿ ಬದಲಾಯಿಸಲಾಗದ ಒಂದೇ ಅಂಗ ಅದು; ಬದಲಾಯಿಸಲಾಗದ್ದರ ಕಡೆಗೆ ಯಾರೂ ನೋಡುವುದಿಲ್ಲ.

ಆ ಅಸ್ತಿಭಾರ ಹೇಗಿರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹತ್ತು ಮೀಟರ್ ಅಗಲದ ಎಂಟು ಮೂಲೆಯ ಒಂದು ಕಾಂಕ್ರೀಟು ತಟ್ಟೆಯನ್ನು ಊಹಿಸಿಕೊಳ್ಳಿ. ತೂಕ ಸುಮಾರು 250 ಟನ್ನು. ಅದರ ಮೇಲೆ ಮಣ್ಣು ಮುಚ್ಚಿರುತ್ತದೆ. ನೆಲದ ಮೇಲೆ ಕಾಣುವುದು ನಡುವಿನ ಮೊಣಕಾಲೆತ್ತರದ ಪೀಠ ಮಾತ್ರ. ಗಾಳಿ ಕಂಬವನ್ನು ಒಂದು ಕಡೆಗೆ ಬಾಗಿಸಲು ನೋಡುತ್ತದೆ. ತಟ್ಟೆಯ ತೂಕ ಅದನ್ನು ತಡೆದು ಹಿಡಿಯುತ್ತದೆ. ಕಂಬಕ್ಕೂ ತಟ್ಟೆಗೂ ಸಂಬಂಧ ಕಲ್ಪಿಸುವುದು ಒಂದು ಉಕ್ಕಿನ ಬಳೆ. ಎರಡೂವರೆ ಮೀಟರ್ ಅಗಲದ ಆ ಬಳೆಯನ್ನು ಮೊದಲು ನಿಲ್ಲಿಸಿ ಸುತ್ತ ಕಾಂಕ್ರೀಟು ಸುರಿಯುತ್ತಾರೆ. ಬಳೆಯ ತಳದಲ್ಲಿ ಅಂಗೈ ಅಗಲದ ಒಂದು ಅಂಚುಪಟ್ಟಿ ಇರುತ್ತದೆ, ಕಾಂಕ್ರೀಟಿನೊಳಗೆ ಕಚ್ಚಿಕೊಂಡಿರಲಿ ಎಂದು. ಈಗಿನ ಯಂತ್ರಗಳಿಗೆ ಉದ್ದನೆಯ ಬೋಲ್ಟುಗಳ ಪಂಜರ ಇಟ್ಟು ಬಿಗಿಯುತ್ತಾರೆ. ಜಾಲರಿ ಕಂಬಗಳಿಗೆ ನಾಲ್ಕು ಕಾಲಿಗೂ ಬೇರೆ ಬೇರೆ ಪಾಯ. ಆದರೆ ಆ ಕಾಲದ ಕೊಳವೆ ಕಂಬಗಳಲ್ಲಿ ಬಳೆಯದೇ ರಾಜ್ಯ.

ಈಗ ಒಂದು ಸಣ್ಣ ಲೆಕ್ಕ. ಆ ಯಂತ್ರ ನಿಮಿಷಕ್ಕೆ 40 ಸುತ್ತು ತಿರುಗುತ್ತದೆ. ಮೂರು ರೆಕ್ಕೆ. ಪ್ರತಿ ರೆಕ್ಕೆ ಕಂಬದ ಮುಂದೆ ಹಾಯುವಾಗ ಕಂಬಕ್ಕೆ ಒಂದು ಸಣ್ಣ ತಟ್ಟು. ಅಂದರೆ ನಿಮಿಷಕ್ಕೆ 120, ಗಂಟೆಗೆ 7200. ವರ್ಷಕ್ಕೆ 5000 ಗಂಟೆ ತಿರುಗಿತೆಂದು ಹಿಡಿದರೂ 3.6 ಕೋಟಿ. 28 ವರ್ಷಕ್ಕೆ ನೂರು ಕೋಟಿ ದಾಟುತ್ತದೆ. ಮನೆಗಾಗಲಿ ಸೇತುವೆಗಾಗಲಿ ಈ ಬಗೆಯ ಎಣಿಕೆ ಇರುವುದಿಲ್ಲ. ನಮ್ಮ ಊರಿನ ಕೋಟೆಯ ಕಲ್ಲುಗಳು ಶತಮಾನಗಳಿಂದ ನಿಂತಿರಬಹುದು, ಆದರೆ ಅವನ್ನು ಯಾರೂ ದಿನವೂ ಲಕ್ಷ ಸಲ ತಟ್ಟಿಲ್ಲ. (ಚಿತ್ರದುರ್ಗದ ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೂ ಈಗ ಗಾಳಿಯಂತ್ರಗಳು ನಿಂತಿವೆ. ಊರಿಗೆ ಹೋದಾಗಲೆಲ್ಲ ಕೋಟೆಗೆ ಬೆನ್ನು ಮಾಡಿ ಅವುಗಳನ್ನೇ ನೋಡುತ್ತೀರಿ ಎಂದು ಮನೆಯವರಿಗೆ ಬೇಸರ.)

2024ರ ಫೆಬ್ರವರಿಯಲ್ಲಿ ನಾವು ಮುಪ್ಪಂದಲಿಗೆ ಹೋದೆವು. ಗಾಳಿಯೇ ಇಲ್ಲದ ತಿಂಗಳು. ಆರೂ ಯಂತ್ರಗಳು ತಪಸ್ಸಿಗೆ ಕುಳಿತಂತೆ ಇದ್ದವು. ನಾವು ಬರುತ್ತೇವೆಂದು ತಿಳಿದು ನಿರ್ವಹಣೆಯ ಗುತ್ತಿಗೆದಾರರು ಪೀಠಗಳಿಗೆಲ್ಲ ಹೊಸ ಗಾರೆ ಬಳಿದು, ಬೂದು ಬಣ್ಣ ಹಚ್ಚಿ, ಅಂಗಳ ಗುಡಿಸಿ ಇಟ್ಟಿದ್ದರು. ಮೂರು ದಿನ ಕೆಲಸ ಮಾಡಿದೆವು. ಪೀಠದ ಮೈಗೆ ಸುತ್ತಿಗೆಯ ಪುಟಿತ ನೋಡಿದೆವು. ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಶಬ್ದಾತೀತ ತರಂಗ ಹಾಯಿಸಿದೆವು. ಸೆಕೆಂಡಿಗೆ 4 ಕಿಲೋಮೀಟರಿಗೂ ಮೇಲೆ ಬಂದಿತು, ಭಾರತೀಯ ಮಾನಕದ ಪ್ರಕಾರ ‘ಉತ್ತಮ’. ಎರಡು ಕಡೆ ಕಾಂಕ್ರೀಟಿನ ತಿರುಳು ಕೊರೆದು ತೆಗೆದೆವು. ಅದರ ಮೇಲೆ ಫಿನಾಲ್ಫ್ತಲೀನ್ ಚಿಮುಕಿಸಿದಾಗ ಹೊರಗಿನ ಹದಿನೈದು ಮಿಲಿಮೀಟರ್ ಬಿಟ್ಟು ಉಳಿದದ್ದೆಲ್ಲ ದಾಸವಾಳದಂತೆ ಕೆಂಪೇರಿತು. ಅಂದರೆ ಕ್ಷಾರ ಉಳಿದಿದೆ, ಒಳಗಿನ ಕಂಬಿಗೆ ತುಕ್ಕಿನ ಭಯವಿಲ್ಲ. ಅವಸರದಲ್ಲಿ ಸುರಿದದ್ದಾದರೂ ಒಳ್ಳೆಯ ಕಾಂಕ್ರೀಟು. ಆ ರಾತ್ರಿಯ ದೀಪದಡಿಯಲ್ಲಿ ದುಡಿದವರ ಬಗ್ಗೆ ನಮಗೆ ಗೌರವವೇ ಮೂಡಿತು.

ಗಾಳಿಯ ಕಾಲದಲ್ಲಿ ಇನ್ನೊಮ್ಮೆ ಬಂದು ಬಳೆಯ ಚಲನೆಯನ್ನು ಅಳೆಯಬೇಕು, ಒಂದೆರಡು ಕಡೆ ಅಗೆದು ನೋಡಬೇಕು ಎಂದು ನಾವು ಕೇಳಿದ್ದುಂಟು. ಮಾಲೀಕರು ಮಾರ್ಚಿನೊಳಗೆ ವರದಿ ಬೇಕೆಂದರು. ಗಾಳಿಯ ನಾಲ್ಕು ತಿಂಗಳಲ್ಲಿಯೇ ಅವರ ವರ್ಷದ ಯೂನಿಟ್ಟುಗಳು ಹುಟ್ಟುವುದು. ಆಗ ಯಂತ್ರದ ಬುಡ ಅಗೆಯುತ್ತೇವೆ ಎಂದರೆ ಯಾರು ಒಪ್ಪುತ್ತಾರೆ? ಈ ಕೆಲಸದ ಮೂಲ ತೊಡಕೇ ಇದು. ರೋಗ ಕಾಣುವುದು ಗಾಳಿಯಲ್ಲಿ, ಪರೀಕ್ಷೆಗೆ ಅನುಮತಿ ಸಿಗುವುದು ಗಾಳಿಯಿಲ್ಲದಾಗ. ನಾವು ಹೆಚ್ಚು ವಾದಿಸಲಿಲ್ಲ. ವರದಿ ಬರೆದೆವು. ಅದರ ಕೊನೆಯ ಪುಟದಲ್ಲಿ, ಆರೂ ಅಸ್ತಿಭಾರಗಳಲ್ಲಿ ದೋಷವಿಲ್ಲ ಎಂಬ ವಾಕ್ಯವಿತ್ತು. ‘ದೋಷ ಕಾಣಲಿಲ್ಲ’ ಎಂದಿರಲಿಲ್ಲ, ‘ದೋಷವಿಲ್ಲ’ ಎಂದೇ ಇತ್ತು. ಕೆಳಗೆ ಇಬ್ಬರ ಸಹಿ.

ಜುಲೈ ಮೂರನೆಯ ವಾರ ಒಂದು ಸಂಜೆ ಫೋನು ಬಂದಿತು. ಆ ಆರು ಯಂತ್ರಗಳನ್ನು ಕಾಯುವ ಆಪರೇಟರದು. ನಮಗಿಂತ ಹಿರಿಯರು, ಆ ಸೀಮೆಯ ರೂಢಿಯಂತೆ ನಾವು ಅವರನ್ನು ಅಣ್ಣಾಚ್ಚಿ ಎಂದು ಕರೆಯುತ್ತಿದ್ದೆವು. ಫೋನಿನಲ್ಲಿ ಅವರ ಮಾತಿಗಿಂತ ಗಾಳಿಯ ಸದ್ದೇ ಹೆಚ್ಚು ಕೇಳುತ್ತಿತ್ತು. “ಸಾರ್, ನಾಲ್ಕನೆಯ ಕಾತ್ತಾಡಿಯ ಕಾಲಿನಿಂದ ಹಾಲು ಬರುತ್ತಾ ಇದೆ” ಎಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಲು ಎಂದರೆ ಏನೆಂದು ನಮಗೆ ಗೊತ್ತಿತ್ತು. ಮರುದಿನ ರಾತ್ರಿಯ ರೈಲು ಹತ್ತಿದೆವು.

ಆಡಿ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆಯಿದೆ. ಅಮ್ಮಿ ಎಂದರೆ ಮಸಾಲೆ ಅರೆಯುವ ಚಪ್ಪಟೆ ಕಲ್ಲು. ಆಷಾಢದ ಗಾಳಿಯನ್ನು ಬಲ್ಲ ನಮಗೂ ಅಂಥ ಗಾಳಿ ಹೊಸದು. ಕಾರಿನ ಬಾಗಿಲು ತೆರೆಯಲು ಎರಡು ಕೈ ಬೇಕಾಯಿತು. ಹಿಂದಿನ ದಿನದ ತುಂತುರು ಮಳೆಯಿಂದ ಪೀಠಗಳು ಒದ್ದೆಯಾಗಿದ್ದವು. ನಾಲ್ಕನೆಯ ಯಂತ್ರದ ಬುಡದಲ್ಲಿ ಹೊಸ ಗಾರೆ ಕಂಬದ ಸುತ್ತ ಉಗುರಿನಗಲ ಬಿಟ್ಟುಕೊಂಡಿತ್ತು. ಗಾಳಿ ಒತ್ತಿದಾಗಲೆಲ್ಲ ಆ ಸಂದಿನಿಂದ ಬೂದುಬಣ್ಣದ ತಿಳಿ ಉಕ್ಕಿ, ಗಾಳಿ ಸಡಿಲಿಸಿದಾಗ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಉಸಿರಾಡುವ ಹಾಗೆ. ಬೆರಳಲ್ಲಿ ತೆಗೆದು ಉಜ್ಜಿದರೆ ನುಣುಪಾದ ಹಿಟ್ಟು. ಅದು ಮಣ್ಣಲ್ಲ, ಅರೆದುಹೋದ ಕಾಂಕ್ರೀಟು. ನೆಲದೊಳಗೆ ಬಳೆಯ ಅಂಚುಪಟ್ಟಿ ಮೇಲಕ್ಕೂ ಕೆಳಕ್ಕೂ ಆಡುತ್ತ, ಇಳಿದ ಮಳೆನೀರನ್ನು ಸೇರಿಸಿಕೊಂಡು, ತನ್ನ ಸುತ್ತಲಿನ ಕಾಂಕ್ರೀಟನ್ನು ಅರೆದು ಹೊರಹಾಕುತ್ತಿತ್ತು.

“ಇದು ಈ ವರ್ಷದ್ದೇ?” ಎಂದು ಕೇಳಿದೆವು.

“ಹೋದ ಆಡಿಯಲ್ಲೂ ಬಂದಿತ್ತು ಸಾರ್. ಅದರ ಹಿಂದಿನದರಲ್ಲೂ. ಒಣಗಿದ ಮೇಲೆ ಪುಡಿಯಾಗುತ್ತದೆ, ಗುಡಿಸಿಬಿಡುತ್ತೇವೆ.”

“ಫೆಬ್ರವರಿಯಲ್ಲಿ ನಾವು ಬಂದಾಗ ಹೇಳಲಿಲ್ಲವಲ್ಲ, ಅಣ್ಣಾಚ್ಚಿ?”

“ನೀವು ಕೇಳಲಿಲ್ಲ ಸಾರ್.”

ಅವರು ಅದನ್ನು ಆಕ್ಷೇಪವಾಗಿ ಹೇಳಲಿಲ್ಲ, ಮಳೆ ಬಂತು ಎಂಬಷ್ಟು ಸಹಜವಾಗಿ ಹೇಳಿದರು. ಮೂರು ದಿನ ಅವರ ಕೈಯ ಚಹಾ ಕುಡಿದಿದ್ದೆವು. ಏಣಿ ಹಿಡಿಯಿರಿ, ನೀರು ತನ್ನಿ ಎಂದು ಕೇಳಿದ್ದೆವು. 28 ವರ್ಷಗಳಿಂದ ಆ ಕಂಬಗಳ ನೆರಳಿನಲ್ಲಿಯೇ ಮಲಗಿ ಏಳುವವರನ್ನು, ಇವುಗಳಲ್ಲಿ ಯಾವುದು ಹೇಗೆ ಎಂದು ಒಂದು ಮಾತೂ ಕೇಳಿರಲಿಲ್ಲ. ಅಂದು ಕೇಳಿದಾಗ ಅವರು ನಾಲ್ಕನೆಯ ಕಂಬದ ಬಾಗಿಲು ತೆರೆದು, ಉಕ್ಕಿಗೆ ಕಿವಿಯಿಡಿ ಎಂದರು. ರೆಕ್ಕೆಯ ಹೊಡೆತದ ಜೊತೆಗೆ ಕೆಳಗಿನಿಂದ ಒಂದು ಮಂದವಾದ ‘ದುಮ್’ ಕೇಳುತ್ತಿತ್ತು. ಐದನೆಯದರಲ್ಲಿ ಅದಿರಲಿಲ್ಲ.

ಮುಂದಿನದು ಅಳತೆಯ ಕೆಲಸ. ಕಂಬದ ಗೋಡೆಗೆ ಅಯಸ್ಕಾಂತದ ಹಿಡಿಕೆ ಅಂಟಿಸಿ, ಡಯಲ್ ಗೇಜಿನ ಮೊನೆಯನ್ನು ಕಾಂಕ್ರೀಟಿನ ಮೇಲೆ ಊರಿ, ನಾಲ್ಕು ದಿಕ್ಕಿಗೂ ಒಂದೊಂದು ಇಟ್ಟೆವು. ಉಳಿದ ಐದು ಯಂತ್ರಗಳಲ್ಲಿ ಮುಳ್ಳು ಒಂದರಿಂದ ಎರಡು ದಶಾಂಶ ಮಿಲಿಮೀಟರಿನೊಳಗೆ ನಡುಗುತ್ತಿತ್ತು. ನಾಲ್ಕನೆಯದರಲ್ಲಿ 1.6 ಮಿಲಿಮೀಟರ್. ತೆಳುವಾದ ಉಕ್ಕಿನ ಪಟ್ಟಿಯನ್ನು ಸಂದಿನಲ್ಲಿ ಇಳಿಬಿಟ್ಟರೆ ಮೊಣಕೈಯುದ್ದ ತಡೆಯಿಲ್ಲದೆ ಇಳಿಯಿತು. ಕಂಬಗಳ ಸಹಜ ತೂಗಾಟವನ್ನೂ ಅಳೆದೆವು. ಐದು ಕಂಬಗಳು ಸೆಕೆಂಡಿಗೆ 0.95 ಸಲದ ಆಸುಪಾಸಿನಲ್ಲಿ ತೂಗಿದರೆ ಇದು 0.89. ಬುಡ ಸಡಿಲಾದಷ್ಟೂ ಕಂಬ ನಿಧಾನವಾಗಿ ತೂಗುತ್ತದೆ. ರೆಕ್ಕೆಗಳು ತಿರುಗುವ ವೇಗ ಸೆಕೆಂಡಿಗೆ 0.67 ಸುತ್ತು. ಇವೆರಡು ಅಂಕಿಗಳು ಒಂದನ್ನೊಂದು ಸಮೀಪಿಸಬಾರದು; ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತ ಹೋದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಹಳೆಯ ನಕ್ಷೆಯಿಲ್ಲದ ಕಡೆ ಪಕ್ಕದ ಐದು ಒಡಹುಟ್ಟುಗಳೇ ನಮಗೆ ಅಳತೆಗೋಲಾದವು.

ಕಾಂಕ್ರೀಟಿನ ಬಗ್ಗೆ ಫೆಬ್ರವರಿಯಲ್ಲಿ ನಾವು ಬರೆದದ್ದೇನೂ ಸುಳ್ಳಾಗಿರಲಿಲ್ಲ. ಅದು ಗಟ್ಟಿಯಾಗಿಯೇ ಇತ್ತು. ಮುಪ್ಪು ಬಂದದ್ದು ಕಾಂಕ್ರೀಟಿಗಲ್ಲ, ಉಕ್ಕಿಗೂ ಅಲ್ಲ, ಅವೆರಡು ಕೂಡುವ ಸಂದಿಗೆ. ನಾವು ತಟ್ಟಿ ನೋಡಿದ್ದು ಎಲುಬನ್ನು, ಕೀಲನ್ನು ಅಲ್ಲ. ಐವತ್ತು ದಾಟಿದ ನಮ್ಮ ಸ್ವಂತ ಮೊಣಕಾಲುಗಳು ಪ್ರತಿ ಮೆಟ್ಟಿಲಿನಲ್ಲಿಯೂ ಹೇಳುತ್ತಿದ್ದ ಈ ಸಂಗತಿ ನಮಗೆ ಹೊಳೆಯದೆ ಹೋಗಿತ್ತು.

ಅಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿದೆವು. ನಾಲ್ಕನೆಯ ಯಂತ್ರವನ್ನು ಈಗಲೇ ನಿಲ್ಲಿಸಬೇಕು ಐಯಾ, ಎಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಬೀಳುತ್ತದೆಯೇ?”

ಇಂದು ಬೀಳುತ್ತದೆಂದು ಹೇಳಲಾರೆವು, ಬೀಳುವುದಿಲ್ಲವೆಂದೂ ಹೇಳಲಾರೆವು ಎಂದೆವು.

“ಫೆಬ್ರವರಿಯಲ್ಲಿ ಹೇಳಿದ್ದಿರಲ್ಲ. ನೀವೇ ಸಹಿ ಮಾಡಿ ಕೊಟ್ಟಿದ್ದೀರಿ.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಂಬದಿಂದ ಎಂಬತ್ತು ಹೆಜ್ಜೆ ಆಚೆ ಒಂದು ಬಾಳೆತೋಟ, ಅದರ ಅಂಚಿಗೆ ಆಡು ಕಾಯುವವರು ಮಧ್ಯಾಹ್ನ ಕೂರುವ ಒಂದು ತಗಡಿನ ಮಾಡು. ಅದನ್ನು ಮಾತ್ರ ಅವರಿಗೆ ಹೇಳಿದೆವು. ಗಾಳಿ ತುಂಬಿ ಬೀಸುತ್ತಿತ್ತು. ಒಂದೊಂದು ಗಂಟೆಯೂ ಅವರಿಗೆ ಹಣ. ಹತ್ತು ನಿಮಿಷದ ಬಳಿಕ ಅಣ್ಣಾಚ್ಚಿಯ ಫೋನು ಮೊಳಗಿತು. ಅವರು ಕಂಬದೊಳಗೆ ಹೋಗಿ ಗುಂಡಿ ಒತ್ತಿದರು. ರೆಕ್ಕೆಗಳು ನಿಲ್ಲಲು ಹಿಡಿದ ಹೊತ್ತು ಬಹಳ ದೀರ್ಘವೆನಿಸಿತು. ಆ ಇಡೀ ಸಾಲಿನಲ್ಲಿ ಅದೊಂದೇ ನಿಂತದ್ದು ದೂರದ ಹೆದ್ದಾರಿಗೂ ಕಾಣುವಂತಿತ್ತು.

ಚೆನ್ನೈಗೆ ಮರಳುವ ರೈಲಿನಲ್ಲಿ ನಮ್ಮಲ್ಲಿ ಜಗಳವಾಯಿತು. ಒಬ್ಬರ ವಾದ, ನಾಲ್ಕನೆಯದರ ಪ್ರಮಾಣಪತ್ರವನ್ನು ಹಿಂತೆಗೆದುಕೊಂಡರೆ ಸಾಕು. ಉಳಿದ ಐದನ್ನು ಈಗ ಗಾಳಿಯಲ್ಲಿಯೇ ಅಳೆದಿದ್ದೇವಲ್ಲ ಎಂದು. ಇನ್ನೊಬ್ಬರ ವಾದ, ಆರೂ ವರದಿಗಳು ಒಂದೇ ಕುರುಡಿನಿಂದ ಹುಟ್ಟಿದವು, ಆದ್ದರಿಂದ ಆರನ್ನೂ ಹಿಂತೆಗೆದು ಹೊಸದಾಗಿ ಬರೆಯಬೇಕು ಎಂದು. ಮಧುರೈ ದಾಟುವವರೆಗೂ ಇದು ನಡೆಯಿತು. ಯಾರ ವಾದ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಸಹಿ ಇಬ್ಬರದೂ ಆಗಿತ್ತು. ಆರನ್ನೂ ಹಿಂತೆಗೆದುಕೊಂಡೆವು. ಶುಲ್ಕವನ್ನು ಮರಳಿಸಿದೆವು. ಅದೇ ವರದಿಯನ್ನು ನಂಬಿ ಇನ್ನೊಬ್ಬರು ನಮಗೆ ಕೆಲಸ ಕೊಡುವವರಿದ್ದರು, ಅದು ಕೈತಪ್ಪಿತು. ಹೊಸ ವರದಿಯಲ್ಲಿ ನೋಡಿದ್ದಕ್ಕೆ ಎಷ್ಟು ಪುಟವೋ, ನೋಡಲಾಗದೆ ಉಳಿದದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಪುಟಗಳಾದವು. ಇಂಥ ವರದಿಯನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಮಾಲೀಕರು ಕೇಳಿದರು. ಆಮೇಲೆ ಎರಡು ತಿಂಗಳು ಅವರಿಂದ ಸುದ್ದಿಯಿರಲಿಲ್ಲ.

ಅಕ್ಟೋಬರಿನಲ್ಲಿ ಅವರೇ ಕರೆದರು. ಈಶಾನ್ಯದ ಮಳೆ ಕಳೆದು, ಪೊಂಗಲ್ ಮುಗಿದ ಮೇಲೆ ನಾಲ್ಕನೆಯದರ ಬುಡವನ್ನು ಅಗೆಸಿದೆವು. ಆರರಲ್ಲಿ ಇದೊಂದೇ ಏಕೆ ಕೆಟ್ಟಿತು ಎಂಬುದು ಎರಡನೆಯ ದಿನವೇ ತಿಳಿಯಿತು. ಕೇಬಲ್ಲಿಗೆಂದು ಎಂದೋ ತೋಡಿದ ಕಾಲುವೆಯನ್ನು ಮುಚ್ಚುವಾಗ ಮಣ್ಣಿನ ಇಳಿಜಾರು ಪೀಠದ ಕಡೆಗೇ ತಿರುಗಿತ್ತು. ಟ್ರಾನ್ಸ್‌ಫಾರ್ಮರಿನ ಅಂಗಳದ ನೀರೆಲ್ಲ ಬಂದು ಅಲ್ಲಿಯೇ ನಿಲ್ಲುತ್ತಿತ್ತು. ಒಣಗಿದ ಸಂದಿನಲ್ಲಿ ಉಕ್ಕು ಆಡಿದರೆ ಸವೆತ ನಿಧಾನ. ನೀರು ಸೇರಿದರೆ ಅದು ರುಬ್ಬುವ ಕಲ್ಲು. ದೊಡ್ಡ ತಟ್ಟೆಯಲ್ಲಿ ಬಿರುಕಿರಲಿಲ್ಲ. ಪೀಠದಿಂದ ಬಳೆಯ ತಳದವರೆಗೆ ತೂತು ಕೊರೆದು, ಒಳಗಿನ ಹಿಟ್ಟನ್ನು ನೀರು ಚಿಮ್ಮಿಸಿ ತೊಳೆದು, ತಿಳಿ ಬರುವವರೆಗೂ ತೊಳೆದು, ಒಣಗಿಸಿ, ತೆಳುವಾದ ಎಪಾಕ್ಸಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಡದಲ್ಲಿ ತುಂಬಿಸಿದೆವು. ಮೇಲಿನ ಸಂದಿಗೆ ಗಾರೆಯ ಬದಲು ಹಿಗ್ಗಿ ಕುಗ್ಗುವ ಮುದ್ರೆ. ನೀರು ಹೊರಕ್ಕೆ ಹರಿಯುವಂತೆ ಅಂಗಳದ ಇಳಿಜಾರನ್ನು ಬದಲಿಸಲು ಎರಡು ದಿನದ ಕೂಲಿ ಹಿಡಿಯಿತು. ಇಡೀ ದುರಸ್ತಿಯಲ್ಲಿ ಅಗ್ಗದ ಕೆಲಸ ಅದೇ. 1996ರಲ್ಲಿ ಇನ್ನೂ ಅಗ್ಗವಿತ್ತು.

ಕಳೆದ ಬೇಸಿಗೆಯ ಕೊನೆಗೆ ಯಂತ್ರ ಮತ್ತೆ ತಿರುಗತೊಡಗಿತು. ಎಪಾಕ್ಸಿ ಎಷ್ಟು ಆಡಿಗಳನ್ನು ತಡೆಯುತ್ತದೆ ಎಂದು ಮಾಲೀಕರು ಕೇಳಿದಾಗ ವರ್ಷಗಳ ಲೆಕ್ಕ ಕೊಡಲಿಲ್ಲ. ಪ್ರತಿ ಆಡಿಯಲ್ಲಿ ಅಳೆಯಬೇಕು, ಮುಳ್ಳು ಅರ್ಧ ಮಿಲಿಮೀಟರ್ ತೋರಿಸಿದ ದಿನ ನಿಲ್ಲಿಸಬೇಕು ಎಂದು ಬರೆದುಕೊಟ್ಟೆವು. ಅದನ್ನು ಓದಿ ಅವರು ನಕ್ಕರೆಂದು ಅಣ್ಣಾಚ್ಚಿ ಹೇಳಿದರು. ಆದರೆ ನಾಲ್ಕು ಡಯಲ್ ಗೇಜುಗಳನ್ನು ಕೊಡಿಸಿದ್ದಾರೆ.

ಅವುಗಳನ್ನು ಓದುವುದನ್ನು ಅಣ್ಣಾಚ್ಚಿಗೆ ಕಲಿಸಿಬಂದೆವು. ಕಲಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಉದ್ದನೆಯ ನೋಟುಪುಸ್ತಕದಲ್ಲಿ ತಾರೀಖು, ಗಾಳಿಯ ವೇಗ, ನಾಲ್ಕು ದಿಕ್ಕಿನ ಅಂಕಿ ಬರೆಯುತ್ತಾರೆ. ಕೊನೆಯ ಅಂಕಣ ನಾವು ಹೇಳಿದ್ದಲ್ಲ, ಅವರೇ ಸೇರಿಸಿದ್ದು: ಕಿವಿಯಿಟ್ಟಾಗ ಕೇಳಿದ್ದು. ಈ ಆಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಫೋನು ಮಾಡಿದರು. ಗಾಳಿಯ ಅಬ್ಬರದಲ್ಲಿ ಅಂಕಿಗಳನ್ನು ಎರಡೆರಡು ಸಲ ಹೇಳಿಸಿಕೊಳ್ಳಬೇಕಾಗುತ್ತಿತ್ತು. ಕಳೆದ ಶುಕ್ರವಾರದ್ದು ಇದು: “ನಾಲ್ಕನೆಯದು ಸಾರ್. ಬಡಗಣಕ್ಕೆ ಸೊನ್ನೆ ಪಾಯಿಂಟ್ ಎರಡು, ಪಡುವಲಿಗೆ ಸೊನ್ನೆ ಪಾಯಿಂಟ್ ಎರಡು. ಹಾಲು ಇಲ್ಲ.” ಒಂದು ಕ್ಷಣ ಬಿಟ್ಟು, ತಾವೇ ತಿದ್ದಿಕೊಂಡರು: “ಹಾಲು ಕಾಣಲಿಲ್ಲ ಸಾರ್.”